ಮಾಡಿಕೊಡುವುದು ಕಲಿಸುವುದಲ್ಲ

ಈ ವರ್ಷದ ಇಂಟರ್ನ್‌ಶಿಪ್‌ನಲ್ಲಿ ನಾನು ಬರೆದ ಪಾಠ ಯೋಜನೆಗಳೆಲ್ಲ ಒಂದು ತೂಕವಾದರೆ, ನಮ್ಮ ಉಪನ್ಯಾಸಕರು ನನ್ನ ಅವಲೋಕನ ಪುಸ್ತಕದಲ್ಲಿ ಬರೆದ ಎರಡು ಪದಗಳು ಇನ್ನೊಂದು ತೂಕ. ಆ ಪದಗಳು ಇವು: ‘ಕಲಿತವರು ಯಾರು?’

ಸಿಂಧನೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ನಮ್ಮ ತಂಡವನ್ನು ಹಾಕಿದ್ದರು. ಬೆಳಿಗ್ಗೆ ವಿಜ್ಞಾನ, ಗಣಿತ ಪಾಠ. ಸಮುದಾಯದೊಂದಿಗೆ ಮಾಡಬೇಕಾದ ಚಟುವಟಿಕೆಗೆ ನಾವು ಆರಿಸಿಕೊಂಡದ್ದು ‘ಡಿಜಿಟಲ್ ನೆರವು’. ವಾರಕ್ಕೆ ಎರಡು ಸಂಜೆ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಕುಳಿತು, ಊರವರಿಗೆ ಮೊಬೈಲ್ ಕೆಲಸಗಳಲ್ಲಿ ಸಹಾಯ ಮಾಡುವುದು. ಮೊದಲ ಸಂಜೆಯೇ ಸಾಲು ಹತ್ತಿತು. ಒಬ್ಬರಿಗೆ ಪಹಣಿ ಬೇಕು, ಒಬ್ಬರಿಗೆ ಮಗನ ವಿದ್ಯಾರ್ಥಿವೇತನದ ಅರ್ಜಿ ಎಲ್ಲಿಗೆ ಬಂತು ಎಂದು ತಿಳಿಯಬೇಕು, ಹೆಚ್ಚಿನ ಹೆಣ್ಣುಮಕ್ಕಳಿಗೆ ಗೃಹಲಕ್ಷ್ಮಿ ಹಣ ಬಂದಿದೆಯೇ ಎಂದು ನೋಡಬೇಕು. ಐವತ್ತೈದು ದಾಟಿದ ಒಬ್ಬ ತಾಯಿ ಫೋನಿನ ಜೊತೆಗೆ, ನಾಲ್ಕು ಅಂಕಿ ಬರೆದಿದ್ದ ಮಡಚಿದ ಚೀಟಿಯನ್ನೂ ನನ್ನ ಕೈಗಿಟ್ಟರು. “ನಂಗ ಇದು ತಿಳಿಯಂಗಿಲ್ಲ ಅಕ್ಕೋರ. ರೊಕ್ಕ ಬಂದೈತೇನು ನೀವಾ ನೋಡ್ರಿ” ಎಂದರು. ಆ ಅಂಕಿ ಅವರ ಪಿನ್. ನಾನು ಪಿನ್ ಒತ್ತಿದೆ, ಬಾಕಿ ನೋಡಿದೆ, “ಬಂದೈತಿ ಯವ್ವಾ” ಎಂದೆ. ಎರಡು ನಿಮಿಷದ ಕೆಲಸ. ಅವರು ಕೈಮುಗಿದರು. ರಿಜಿಸ್ಟರಿನಲ್ಲಿ ‘ಫಲಾನುಭವಿಗಳು: 31’ ಎಂದು ಬರೆದು ಸಹಿ ಹಾಕಿದೆವು.

ಹಿಂದಿನ ಬೆಂಚಿನಲ್ಲಿ ಕುಳಿತು ಎಲ್ಲ ನೋಡಿದ್ದ ಉಪನ್ಯಾಸಕರು ಏನೂ ಹೇಳದೆ ಆ ಎರಡು ಪದ ಬರೆದು ಹೋದರು. ಆ ರಾತ್ರಿ ನನಗೆ ಸಿಟ್ಟು ಬಂದಿತ್ತು. ಹಗಲೆಲ್ಲ ಶಾಲೆಯಲ್ಲಿ ಪಾಠ ಮಾಡಿ, ಸಂಜೆ ಊರಿನ ಕೆಲಸ ಮಾಡಿದರೂ ಮೆಚ್ಚುಗೆ ಇಲ್ಲವಲ್ಲ ಎಂದು. ಆದರೆ ಪ್ರಶ್ನೆಗೆ ಉತ್ತರ ಹುಡುಕಿದಾಗ ಸಿಕ್ಕಿದ್ದು ಸೊನ್ನೆ. ಮೂವತ್ತೊಂದು ಜನರಲ್ಲಿ ಒಬ್ಬರೂ ಏನನ್ನೂ ಕಲಿತಿರಲಿಲ್ಲ. ಇನ್ನೂ ಕೆಟ್ಟದ್ದೇನೆಂದರೆ, ಪಿನ್ ಚೀಟಿಯನ್ನು ಗುರುತಿಲ್ಲದವರ ಕೈಗೆ ಕೊಡಬಹುದು ಎಂಬ ಒಂದು ತಪ್ಪು ಪಾಠವನ್ನು ನಾನೇ ಗಟ್ಟಿ ಮಾಡಿದ್ದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ತಪ್ಪು ಪ್ರತಿಕ್ರಿಯೆಗೆ ಪುನರ್ಬಲನ ಕೊಟ್ಟಿದ್ದೆ.

ಈ ಲೇಖನದಲ್ಲಿ ನಾನು ಹೇಳಬೇಕಿರುವುದು ಇಷ್ಟೆ. ಊರಿನವರಿಗೆ ಡಿಜಿಟಲ್ ಕೆಲಸ ಮಾಡಿಕೊಡುವುದು ಸೇವೆ, ಕಲಿಸುವುದು ಬೋಧನೆ. ನಾವು ಬೋಧನೆ ಕಲಿಯಲು ಬಂದವರು. ಆದ್ದರಿಂದ ವಯಸ್ಕರ ಡಿಜಿಟಲ್ ಕಲಿಕೆ ನಮ್ಮ ಬೋಧನಾಭ್ಯಾಸದ ಅಂಚಿನಲ್ಲಿ ಫೋಟೋ ತೆಗೆಸಿಕೊಳ್ಳುವ ಶಿಬಿರವಾಗಿ ಇರಬಾರದು. ಪಾಠ ಯೋಜನೆ, ಅವಲೋಕನ, ಮೌಲ್ಯಮಾಪನ ಎಲ್ಲವೂ ಇರುವ ನಿಜವಾದ ಪಾಠವಾಗಿ ಒಳಗೆ ಬರಬೇಕು.

ನಮ್ಮ ಭಾಗದಲ್ಲಿ ಇದು ಯಾಕೆ ತುರ್ತು ಎಂದು ಹೇಳುತ್ತೇನೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 60ನ್ನು ಮುಟ್ಟಲಿಲ್ಲ. ಮಹಿಳೆಯರ ಸಾಕ್ಷರತೆ ಶೇ. 50ಕ್ಕಿಂತ ಕೆಳಗಿತ್ತು. 2018ರಲ್ಲಿ ಕೇಂದ್ರ ಸರ್ಕಾರ ಗುರುತಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳಲ್ಲಿ ಕರ್ನಾಟಕದಿಂದ ಇದ್ದವು ಎರಡೇ, ರಾಯಚೂರು ಮತ್ತು ಯಾದಗಿರಿ. ಅಕ್ಷರ ಹೀಗೆ ನಿಧಾನವಾಗಿ ಬರುತ್ತಿರುವಾಗ ಸೇವೆಗಳು ಓಡುತ್ತ ಆನ್‌ಲೈನ್‌ಗೆ ಹೋದವು. ಪಹಣಿ ‘ಭೂಮಿ’ ಯೋಜನೆಯಿಂದ ಕಂಪ್ಯೂಟರಿಗೆ ಏರಿ ಎರಡು ದಶಕ ದಾಟಿದೆ. 2016ರಿಂದ ಯುಪಿಐ ಬಂತು. 2023ರ ಜನವರಿಯಿಂದ ಉದ್ಯೋಗ ಖಾತ್ರಿ ಕೆಲಸದ ಸ್ಥಳದಲ್ಲಿ ಆ್ಯಪ್ ಮೂಲಕ ಫೋಟೋ ಸಹಿತ ಹಾಜರಿ ಕಡ್ಡಾಯವಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ನೇರ ಖಾತೆಗೆ ಬೀಳುತ್ತದೆ. ಯಜಮಾನಿಯ ಹೆಸರಿನ ಖಾತೆ, ಯಜಮಾನಿಯ ಹೆಸರಿನ ಹಣ. ಆದರೆ ಬಂದಿದೆಯೋ ಇಲ್ಲವೋ ಎಂದು ತಿಳಿಯಲು ಆ ಯಜಮಾನಿ ಇನ್ನೊಬ್ಬರ ಮುಖ ನೋಡಬೇಕು.

ಗುಳೆಯ ಮಾತು ಬೇರೆಯೇ ಇದೆ. ಲಿಂಗಸುಗೂರು, ಮಸ್ಕಿ ಕಡೆಯ ಹಳ್ಳಿ, ತಾಂಡಾಗಳಿಂದ ಸುಗ್ಗಿ ಮುಗಿದ ಮೇಲೆ ದುಡಿಯುವ ವಯಸ್ಸಿನವರು ಬೆಂಗಳೂರು, ಪುಣೆಗೆ ಹೊರಡುತ್ತಾರೆ. ಮನೆಯಲ್ಲಿ ಉಳಿಯುವವರು ಅಜ್ಜ, ಅಜ್ಜಿ, ಮೊಮ್ಮಕ್ಕಳು. ಮಗ ಕಳಿಸಿದ ಹಣ ಬರುವುದು ಫೋನಿಗೆ. ಫೋನಿನಲ್ಲಿ ಪಳಗಿದ ಮಗ ಮಾತ್ರ ಊರಲ್ಲಿ ಇರುವುದಿಲ್ಲ. ನಾನು ಮಸ್ಕಿ ಕಡೆಯವಳು. ನಮ್ಮ ಓಣಿಯಲ್ಲೇ ಇಂಥ ಮನೆಗಳಿವೆ.

“ಮನೆಗೊಬ್ಬರಿಗೆ ಬಂದರೆ ಸಾಕಲ್ಲ?” ಎಂದು ನನ್ನ ಸಹಪಾಠಿಯೊಬ್ಬರು ಕೇಳಿದರು. ಆ ಲೆಕ್ಕಾಚಾರವನ್ನು ದೇಶ ಈಗಾಗಲೇ ಮಾಡಿ ನೋಡಿದೆ. 2017ರಲ್ಲಿ ಆರಂಭವಾಗಿ 2024ರ ಮಾರ್ಚ್‌ಗೆ ಮುಗಿದ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನದ ಗುರಿ 6 ಕೋಟಿ ಗ್ರಾಮೀಣ ಕುಟುಂಬ. ಪ್ರತಿ ಕುಟುಂಬದಿಂದ ಒಬ್ಬರಿಗೆ, 14ರಿಂದ 60 ವರ್ಷದೊಳಗಿನವರಿಗೆ, 20 ಗಂಟೆಗಳ ತರಬೇತಿ. ಕೋಟಿಗಟ್ಟಲೆ ಜನರಿಗೆ ಅದು ತಲುಪಿತು, ಅದನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಮನೆಗೊಬ್ಬರು ಎಂದಾಗ ಮನೆಯವರು ಆರಿಸುವುದು ಯಾರನ್ನು? ಶಾಲೆ, ಕಾಲೇಜಿಗೆ ಹೋಗುವ ಮಗನನ್ನು. ಅರವತ್ತು ದಾಟಿದವರು, ಅಂದರೆ ವೃದ್ಧಾಪ್ಯ ವೇತನ ಪಡೆಯುವವರು, ಲೆಕ್ಕದಿಂದಲೇ ಹೊರಗೆ. ಹೀಗೆ ಮನೆಯೊಳಗೇ ಒಬ್ಬ ಬಲ್ಲವ, ಉಳಿದವರು ಅವನನ್ನು ಕಾಯುವವರು ಎಂಬ ವ್ಯವಸ್ಥೆ ಬೆಳೆಯಿತು. ನಮ್ಮ ತರಗತಿಗೆ ಬಂದ ಒಬ್ಬ ಸೊಸೆ, ತನ್ನ ಪಿನ್ ತನಗೇ ಗೊತ್ತಿಲ್ಲ, ಮೈದುನನಿಗೆ ಗೊತ್ತು ಎಂದು ನಗುತ್ತಲೇ ಹೇಳಿದಳು. ಎಂಟನೇ ತರಗತಿಯ ಒಬ್ಬ ಹುಡುಗಿ ತಿಂಗಳಲ್ಲಿ ಎರಡು ದಿನ ಶಾಲೆ ತಪ್ಪಿಸುತ್ತಿದ್ದಳು. ಕಾರಣ ಕೇಳಿದರೆ, “ಅಜ್ಜಿ ಜೊತಿ ಬ್ಯಾಂಕಿಗೆ ಹೋಗಬೇಕ್ರಿ, ಅಕಿಗೆ ಮೆಸೇಜ್ ಓದಾಕ ಬರಲ್ಲ” ಎಂದಳು. ಅಜ್ಜಿಯ ಕಲಿಕೆ ಮೊಮ್ಮಗಳ ಹಾಜರಿಗೂ ಸಂಬಂಧಪಟ್ಟದ್ದು ಎಂದು ಅಂದು ತಿಳಿಯಿತು.

ಇನ್ನು ನಾವು ಏನು ಮಾಡಿದೆವು, ಎಲ್ಲಿ ಎಡವಿದೆವು ಎಂಬುದನ್ನು ಮುಂದಿನ ತಂಡದವರಿಗಾಗಿ ಹೇಳುತ್ತೇನೆ.

ಉಪನ್ಯಾಸಕರ ಪ್ರಶ್ನೆಯ ನಂತರ ನೆರವಿನ ಮೇಜು ತೆಗೆದು ತರಗತಿ ಮಾಡಲು ಹೊರಟೆವು. ನಾನು ಚೆಂದದ ಪಾಠ ಯೋಜನೆ ಬರೆದೆ. ಪೀಠಿಕೆ: ಡಿಜಿಟಲ್ ಎಂದರೇನು? ಇಂಟರ್‌ನೆಟ್‌ನ ಉಪಯೋಗಗಳು. ಕಪ್ಪುಹಲಗೆಯಲ್ಲಿ ಚಿತ್ರ ಸಹ ಬರೆದೆ. ಇಪ್ಪತ್ತು ನಿಮಿಷಕ್ಕೆ ಅರ್ಧ ಜನ ಎದ್ದು ಹೋದರು. ನಾಟಿ ಹಚ್ಚಿ ಸೊಂಟ ನೋವಿನಲ್ಲಿ ಬಂದವರಿಗೆ ವ್ಯಾಖ್ಯೆ ಯಾಕೆ ಬೇಕು? ಹೋಗುವಾಗ ಒಬ್ಬರು, “ನಮ್ಮ ರೊಕ್ಕದ್ದು ಹೇಳ್ರಿ ಅಕ್ಕೋರ, ಉಳಿದಿದ್ದು ಆಮ್ಯಾಲೆ” ಎಂದರು.

ಪೌಲೋ ಫ್ರೇರೆಯ ಬಗ್ಗೆ ಐದು ಅಂಕದ ಟಿಪ್ಪಣಿ ಬರೆದು ಅಭ್ಯಾಸವಿದ್ದ ನನಗೆ ಆತ ಅರ್ಥವಾದದ್ದು ಅಂದು. 1963ರಲ್ಲಿ ಬ್ರೆಜಿಲ್‌ನ ಆಂಜಿಕೋಸ್ ಎಂಬ ಊರಿನಲ್ಲಿ ಆತ ಮತ್ತು ಸಂಗಡಿಗರು ಸುಮಾರು 300 ಜನ ದುಡಿಯುವವರಿಗೆ ಓದು, ಬರಹ ಕಲಿಸಲು ಕುಳಿತಾಗ ವರ್ಣಮಾಲೆಯಿಂದ ಶುರು ಮಾಡಲಿಲ್ಲ. ಕಲಿಯುವವರ ಬದುಕಿನಲ್ಲಿ ದಿನಾ ಓಡಾಡುವ ಪದಗಳನ್ನು ಆರಿಸಿಕೊಂಡು, ಅವುಗಳ ಮೇಲೆ ಮಾತುಕತೆ ಮಾಡಿಸಿ, ಅಲ್ಲಿಂದ ಅಕ್ಷರಕ್ಕೆ ಹೋದರು. ನಮ್ಮ ಊರಿನವರ ಅಂಥ ಪದಗಳು ಯಾವುವು? ರೊಕ್ಕ, ಮೆಸೇಜು, ಪಿನ್ನು, ಓಟಿಪಿ, ಪಹಣಿ. ನಮ್ಮ ಎರಡನೇ ಪಾಠ ಯೋಜನೆ ಮೆಸೇಜಿನಿಂದ ಶುರುವಾಯಿತು.

ತೊಂದರೆ ಏನೆಂದರೆ ಅವರ ಫೋನಿಗೆ ಬರುತ್ತಿದ್ದ ಬ್ಯಾಂಕಿನ ಮೆಸೇಜು ಇಂಗ್ಲಿಷಿನಲ್ಲಿತ್ತು. ಅಂಕಿ ಬಹುತೇಕ ಎಲ್ಲರಿಗೂ ಬರುತ್ತದೆ, ಬಸ್ಸಿನ ಟಿಕೆಟು, ಸಂತೆಯ ಲೆಕ್ಕ ಕಲಿಸಿರುತ್ತದೆ. ಆದರೆ 2,000 ಎಂದು ಓದಿದರೆ ಸಾಲದು, ಅದು ಬಂದದ್ದೋ ಹೋದದ್ದೋ ತಿಳಿಯಬೇಕು. ಕ್ರೆಡಿಟೆಡ್ ಅಂದರೆ ಬಂತು, ಡೆಬಿಟೆಡ್ ಅಂದರೆ ಹೋಯಿತು. ಇಡೀ ಪದ ಬೇಡ, ಮೊದಲ ಅಕ್ಷರದ ಆಕಾರ ಗುರುತಿಸಿದರೆ ಸಾಕು ಎಂದುಕೊಂಡು ಎರಡನ್ನೂ ಹಲಗೆಯ ಮೇಲೆ ದೊಡ್ಡದಾಗಿ ಬರೆದೆವು. ‘ಡಿ’ ಅರ್ಧ ರೊಟ್ಟಿಯ ಹಾಗಿದೆ, ‘ಸಿ’ ಒಡೆದ ಬಳೆಯ ಹಾಗಿದೆ ಎಂದು ನಾನು ಹೇಳಿದೆ. ತಕ್ಷಣ ಪಿನ್ ಚೀಟಿ ಕೊಟ್ಟಿದ್ದ ಆ ತಾಯಿಯೇ ತಡೆದರು. “ಒಡದ ಬಳಿ ಅನ್ನಬ್ಯಾಡ್ರಿ. ಕುಡುಗೋಲು ಅನ್ರಿ. ಕುಡುಗೋಲು ಹಿಡದ್ರ ಬೆಳಿ ಮನಿಗಿ ಬರ್ತೈತಿ.” ಅಲ್ಲಿಗೆ ಸೂತ್ರ ಸಿಕ್ಕಿತು. ಕುಡುಗೋಲು ಇದ್ದರೆ ಬಂತು, ರೊಟ್ಟಿ ಇದ್ದರೆ ತಿಂದು ಹೋಯಿತು. ನಾನು ಮಾಡಿದ ಯಾವ ಬೋಧನೋಪಕರಣವೂ ಇದರ ಹತ್ತಿರ ಬರಲಿಲ್ಲ. ಎಲ್ಲ ಬ್ಯಾಂಕಿನ ಮೆಸೇಜು ಒಂದೇ ರೀತಿ ಇರುವುದಿಲ್ಲ ಎಂದು ಮರುವಾರ ತಿಳಿಯಿತು. ಸಣ್ಣಕ್ಷರದ ‘ಡಿ’ ರೊಟ್ಟಿಯ ಹಾಗೆ ಕಾಣುವುದಿಲ್ಲ. ಅದನ್ನು ಬೇರೆಯಾಗಿ ಕಲಿಸಬೇಕಾಯಿತು, ಅದಕ್ಕೆ ಇನ್ನೆರಡು ಸಂಜೆ ಹಿಡಿಯಿತು.

ಮುಂದಿನ ಪಾಠ ಸುರಕ್ಷತೆ. ಹಣ ಪಡೆಯಲು ಪಿನ್ ಬೇಡ, ಹಣ ಹೋಗುವಾಗ ಪಿನ್ ಬೇಕು. ಓಟಿಪಿಯನ್ನು ಬ್ಯಾಂಕಿನವರೆಂದು ಹೇಳಿಕೊಂಡು ಯಾರು ಕೇಳಿದರೂ ಕೊಡಬಾರದು. ಮೋಸವಾಯಿತು ಎನಿಸಿದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಇದನ್ನು ಹೇಳಿದರೆ ಎಲ್ಲರೂ “ಹೂಂ ರೀ” ಎನ್ನುತ್ತಾರೆ. ಹೂಂ ಎಂದದ್ದು ಕಲಿಕೆಯಲ್ಲ ಎಂದು ನಮಗೆ ಸೂಕ್ಷ್ಮ ಬೋಧನೆಯಲ್ಲಿ ಹೇಳಿಕೊಟ್ಟಿದ್ದಾರೆ. ಆದ್ದರಿಂದ ಪಾತ್ರಾಭಿನಯ ಮಾಡಿದೆವು. ನಮ್ಮವರೊಬ್ಬರು ಪಕ್ಕದ ಕೋಣೆಯಿಂದ ‘ಬ್ಯಾಂಕ್ ಸಾಹೇಬ’ನಾಗಿ ಫೋನ್ ಮಾಡಿ, ಖಾತೆ ಬಂದ್ ಆಗುತ್ತದೆ ಎಂದು ಹೆದರಿಸಿ, ಕೈಯಲ್ಲಿರುವ ಚೀಟಿಯ ಆರು ಅಂಕಿ ಕೇಳುವುದು. ಮೊದಲ ಸಲ ಹದಿನಾಲ್ಕು ಜನರಲ್ಲಿ ಒಂಬತ್ತು ಮಂದಿ ಅಂಕಿ ಹೇಳಿಬಿಟ್ಟರು. ಎರಡು ವಾರದ ನಂತರ ಅದೇ ಪರೀಕ್ಷೆ ಮಾಡಿದಾಗ ಇಬ್ಬರು ಹೇಳಿದರು. ಆ ಇಬ್ಬರ ಹೆಸರು ಬರೆದುಕೊಂಡು ಮತ್ತೆ ಅವರ ಜೊತೆ ಕುಳಿತೆವು. ನನ್ನ ಇಡೀ ಇಂಟರ್ನ್‌ಶಿಪ್‌ನಲ್ಲಿ ನಾನು ಮಾಡಿದ ಅತ್ಯಂತ ಪ್ರಾಮಾಣಿಕ ಮೌಲ್ಯಮಾಪನ ಅದೇ.

ಐದನೇ ವಾರ ಒಂದು ಸಂಗತಿ ನಡೆಯಿತು. ಅದೇ ತಾಯಿ ಫೋನ್ ತಂದು ತೋರಿಸಿದರು. “ಅಕ್ಕೋರ, ಒಂದಾ ದಿನ ಎರಡು ರೊಟ್ಟಿ ಅದಾವ. ನಾ ರೊಕ್ಕ ತಗಿಸಿದ್ದು ಒಂದಾ ಸಲ.” ಊರಿನಲ್ಲಿ ಬೆರಳಚ್ಚು ಯಂತ್ರದಿಂದ ಹಣ ತೆಗೆದುಕೊಡುವ ಒಬ್ಬರ ಬಳಿ ಹೋಗಿದ್ದಾಗ, ಅಚ್ಚು ಸರಿ ಬರಲಿಲ್ಲ ಎಂದು ಎರಡು ಸಲ ಬೆರಳು ಇಡಿಸಿದ್ದರಂತೆ. ನಾಟಿ, ಕಳೆ ಎಂದು ವರ್ಷವೆಲ್ಲ ದುಡಿಯುವವರ ಬೆರಳ ಗೆರೆ ಸವೆದು ಅಚ್ಚು ಸರಿಯಾಗಿ ಬೀಳದಿರುವುದು ನಿಜ, ಎರಡು ಸಲ ಇಡಿಸುವುದೂ ಸಾಮಾನ್ಯ. ಆದರೆ ಈ ಸಲ ಎರಡು ಬಾರಿಯೂ ಹಣ ಕಡಿತವಾಗಿತ್ತು, ಕೈಗೆ ಬಂದದ್ದು ಒಂದೇ ಬಾರಿಯದು. ಅವರು ತಮ್ಮ ನಾದಿನಿಯನ್ನು ಕರೆದುಕೊಂಡು ಹೋಗಿ ಮೆಸೇಜು ತೋರಿಸಿ ಕೇಳಿದರು. ತಪ್ಪಾಗಿದೆ ಎಂದು ಹಣ ಮರಳಿತು. ಅದು ತಪ್ಪೋ ಮೋಸವೋ ನಾನು ತೀರ್ಮಾನಿಸಲಾರೆ. ನನಗೆ ಮುಖ್ಯವಾದದ್ದು ಕೇಳಿದವರು ಅವರೇ ಎಂಬುದು. ನಾವು ಯಾರೂ ಜೊತೆಗೆ ಹೋಗಲಿಲ್ಲ.

ಸಾಕ್ಷರತಾ ಆಂದೋಲನದ ಕಾಲದಲ್ಲಿ ಹೆಬ್ಬೆಟ್ಟು ಅವಮಾನದ ಗುರುತಾಗಿತ್ತು, ಸಹಿ ಹಾಕಲು ಕಲಿಸುವುದೇ ದೊಡ್ಡ ಗುರಿಯಾಗಿತ್ತು. ಈಗ ಯಂತ್ರದ ಮುಂದೆ ಪದವೀಧರರೂ ಹೆಬ್ಬೆಟ್ಟು ಇಡುತ್ತಾರೆ. ವ್ಯತ್ಯಾಸ ಉಳಿದಿರುವುದು ಒಂದರಲ್ಲೇ: ಬೆರಳಿಟ್ಟ ಮೇಲೆ ಏನಾಯಿತು ಎಂದು ಓದಿ ತಿಳಿಯಬಲ್ಲವರು, ತಿಳಿಯಲಾಗದವರು. ನಮ್ಮ ಮಸ್ಕಿಯ ಗುಡ್ಡದಲ್ಲಿ 1915ರಲ್ಲಿ ಅಶೋಕನ ಹೆಸರಿರುವ ಶಾಸನ ಸಿಕ್ಕಿತು ಎಂದು ಸಮಾಜ ವಿಜ್ಞಾನದ ಪಾಠದಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತದಲ್ಲಿ ಕೊರೆದ ಆ ಮಾತು ಅಂದಿನ ಊರವರಿಗೆ ಯಾರಾದರೂ ಓದಿ ಹೇಳಿದ್ದರಷ್ಟೇ ತಿಳಿದಿರಬೇಕು. ಇಂದೂ ಸರ್ಕಾರದ ಮಾತು ತಿಳಿಯದ ಲಿಪಿಯಲ್ಲಿ ಜೇಬಿಗೇ ಬಂದು ಬೀಳುತ್ತಿದೆ, ಓದಿ ಹೇಳುವವರಿಗಾಗಿ ಜನ ಇನ್ನೂ ಕಾಯುತ್ತಿದ್ದಾರೆ.

ಆಕ್ಷೇಪಣೆಗಳು ಇವೆ, ಅವು ಸುಳ್ಳಲ್ಲ. ಮೊದಲನೆಯದು ಸಮಯ. ಹದಿನಾರು ವಾರದಲ್ಲಿ ಪಾಠಗಳು, ಘಟಕ ಪರೀಕ್ಷೆ, ಕ್ರಿಯಾ ಸಂಶೋಧನೆ, ದಾಖಲೆ ಪುಸ್ತಕ ಮುಗಿಸುವುದೇ ಕಷ್ಟ. ಆದರೆ ಐಸಿಟಿ ಕುರಿತ ಪತ್ರಿಕೆ ನಮಗೆ ಈಗಾಗಲೇ ಇದೆ, ಸಮುದಾಯ ಚಟುವಟಿಕೆಯೂ ಇದೆ. ಎರಡನ್ನೂ ಬೇರೆ ಬೇರೆ ಮಾಡಿ, ಒಂದರಲ್ಲಿ ಸ್ಲೈಡು, ಇನ್ನೊಂದರಲ್ಲಿ ಜಾಥಾ ಎಂದು ಮುಗಿಸುವ ಬದಲು ಕೂಡಿಸಬಹುದು. ಹೊಸ ಹೊರೆ ಬೇಡ. ಇನ್ನು, 2022ರಿಂದ 2027ರವರೆಗಿನ ಕೇಂದ್ರದ ನವ ಭಾರತ ಸಾಕ್ಷರತಾ ಕಾರ್ಯಕ್ರಮ, ಅಂದರೆ ‘ಉಲ್ಲಾಸ್’, ಡಿಜಿಟಲ್ ಸಾಕ್ಷರತೆಯನ್ನು ಜೀವನ ಕೌಶಲಗಳ ಸಾಲಿನಲ್ಲಿ ಸೇರಿಸಿದೆ. ಶಿಕ್ಷಕ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳು ಸ್ವಯಂಸೇವಕರಾಗಿ ಬರಬೇಕೆಂದೂ ಬಯಸಿದೆ. ಬಾಗಿಲು ತೆರೆದೇ ಇದೆ.

ಎರಡನೆಯದು, ವಯಸ್ಕರಿಗೆ ಕಲಿಸುವುದು ನಮ್ಮ ಕೆಲಸವೇ, ನಾವು ಪ್ರೌಢಶಾಲಾ ಶಿಕ್ಷಕರಾಗುವವರಲ್ಲವೇ ಎಂಬುದು. ನನ್ನ ಅನುಭವ ಬೇರೆ. ಮಕ್ಕಳು ಅರ್ಥವಾಗದಿದ್ದರೂ ಕುಳಿತಿರುತ್ತಾರೆ, ಗಂಟೆ ಹೊಡೆಯುವವರೆಗೆ ಎದ್ದು ಹೋಗುವಂತಿಲ್ಲ. ದೊಡ್ಡವರು ಎದ್ದು ಹೋಗುತ್ತಾರೆ. ನನ್ನ ಪೀಠಿಕೆ ನೀರಸ ಎಂದು ಒಂಬತ್ತನೇ ತರಗತಿ ನನಗೆ ಹೇಳಲಿಲ್ಲ, ಗ್ರಂಥಾಲಯದ ಖಾಲಿ ಬೆಂಚು ಹೇಳಿತು. ಆ ಪಾಠದ ನಂತರ ನನ್ನ ವಿಜ್ಞಾನ ತರಗತಿಯೂ ಬದಲಾಯಿತು.

ಮೂರನೆಯ ಆಕ್ಷೇಪಣೆ ಭಾಷೆಯದು. ನಮ್ಮ ಮೂರು ತಾಲ್ಲೂಕುಗಳಲ್ಲಿ ಕನ್ನಡವೊಂದೇ ಮನೆಮಾತಲ್ಲ. ತಾಂಡಾಗಳಲ್ಲಿ ಲಂಬಾಣಿ, ಪಟ್ಟಣದ ಓಣಿಗಳಲ್ಲಿ ಉರ್ದು, ಕಾಲುವೆ ಕೆಳಗಿನ ಕ್ಯಾಂಪುಗಳಲ್ಲಿ ತೆಲುಗು, ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿ. ಇದು ತೊಡಕು ಹೌದು. ಆದರೆ ನಮ್ಮ ಪ್ರಶಿಕ್ಷಣಾರ್ಥಿಗಳಲ್ಲೇ ಈ ಮಾತು ಬಲ್ಲವರಿದ್ದಾರೆ. ತರಗತಿಯಲ್ಲಿ ಮನೆಮಾತು ಆಡಲು ಹಿಂಜರಿಯುತ್ತಿದ್ದ ನಮ್ಮ ಗೆಳತಿಯೊಬ್ಬಳು ತಾಂಡಾದ ಹೆಣ್ಣುಮಕ್ಕಳಿಗೆ ಲಂಬಾಣಿಯಲ್ಲಿ ಪಿನ್ ಪಾಠ ಮಾಡಿದ ದಿನ, ನಾವೆಲ್ಲ ಹಿಂದೆ ಕುಳಿತು ಅವಳಿಂದ ಪಾಠ ಮಾಡುವುದನ್ನು ಕಲಿತೆವು.

ಹಾಗಾಗಿ ಉಪನ್ಯಾಸಕರಲ್ಲಿ, ಗೆಳೆಯರಲ್ಲಿ ನನ್ನ ಕೋರಿಕೆ ನಾಲ್ಕು. ಒಂದು, ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯ ಅವಲೋಕಿತ ಪಾಠಗಳಲ್ಲಿ ಕನಿಷ್ಠ ಎರಡು ವಯಸ್ಕ ಕಲಿಕಾರ್ಥಿಗಳಿಗೆ ಮಾಡಿದ ಡಿಜಿಟಲ್ ಪಾಠಗಳಾಗಿರಲಿ. ಎರಡು, ಫೋನ್ ಕಲಿಯುವವರ ಕೈಯಲ್ಲೇ ಇರಬೇಕು, ನಮ್ಮ ಕೈ ನಮ್ಮ ಬೆನ್ನ ಹಿಂದೆ ಇರಬೇಕು ಎಂಬುದು ನಿಯಮವಾಗಲಿ. ಅವರ ಪಿನ್, ಓಟಿಪಿಯನ್ನು ನಾವು ನೋಡಲೂ ಬಾರದು, ಬರೆದುಕೊಳ್ಳಲೂ ಬಾರದು. ಮೂರು, ರಿಜಿಸ್ಟರಿನಲ್ಲಿ ‘ಫಲಾನುಭವಿಗಳು’ ಎಂಬ ಕಾಲಂ ತೆಗೆದು, ‘ಹದಿನೈದು ದಿನದ ನಂತರ ತಾವೇ ಮಾಡಿದವರು’ ಎಂಬ ಕಾಲಂ ಹಾಕೋಣ. ಸಂಖ್ಯೆ ಸಣ್ಣದಾಗುತ್ತದೆ, ಆಗಲಿ. ನಾಲ್ಕು, ಒಂದು ತಂಡ ಬಿಟ್ಟ ಊರಿಗೆ ಮುಂದಿನ ತಂಡ ಹೋಗಲಿ. ಮೂರೂವರೆ ತಿಂಗಳಿಗೆ ಮುಗಿಯುವ ಕೆಲಸ ಇದಲ್ಲ. ಗ್ರಂಥಾಲಯದ ಮೇಲ್ವಿಚಾರಕರು ಅಲ್ಲೇ ಇರುವವರು, ಅವರನ್ನು ಮೊದಲ ದಿನದಿಂದ ಜೊತೆಗೆ ಕೂರಿಸಿಕೊಂಡರೆ ನಾವು ಹೊರಟ ಮೇಲೂ ತರಗತಿ ನಿಲ್ಲುವುದಿಲ್ಲ.

ತುರ್ತಿದ್ದಾಗ ಮಾಡಿಕೊಡಬಾರದೇ? ಅರ್ಜಿಯ ಕೊನೆಯ ದಿನ ಬಂದು ನಿಂತವರಿಗೆ ಪಾಠ ಹೇಳುತ್ತ ಕೂರುವುದು ಕ್ರೌರ್ಯ. ಅಂದು ಮಾಡಿಕೊಡೋಣ. ಆದರೆ ಅದನ್ನು ಬೋಧನೆ ಎಂದು ದಾಖಲೆ ಪುಸ್ತಕದಲ್ಲಿ ಬರೆಯದಿರೋಣ.

ನಮ್ಮ ಕೊನೆಯ ಸಂಜೆ ಆ ತಾಯಿ ಡಿಬಿಟಿ ಕರ್ನಾಟಕ ಆ್ಯಪ್ ತೆರೆದು ಹಣ ಜಮಾ ಆಗಿದೆಯೇ ಎಂದು ನೋಡಲು ಕುಳಿತಿದ್ದರು. ನೆಟ್‌ವರ್ಕ್ ನಿಧಾನವಾಗಿತ್ತು, ಅವರ ಬೆರಳು ಎಲ್ಲೋ ಒತ್ತಿ ಪರದೆ ಹಿಂದಕ್ಕೆ ಹೋಯಿತು. ಅಭ್ಯಾಸಬಲದಿಂದ ನಾನು ಕೈ ಚಾಚಿದೆ. “ಕೈ ತಗೀರಿ ಅಕ್ಕೋರ, ನಾನಾ ನೋಡ್ತೀನಿ” ಎಂದರು. ನಾಲ್ಕು ಸಲ ತಪ್ಪಿತು. ಐದನೇ ಸಲ ಪುಟ ತೆರೆಯಿತು. ಆ ತಿಂಗಳ ಹಣ ಇನ್ನೂ ಬಂದಿರಲಿಲ್ಲ. “ಇಲ್ಲ ಬಿಡ್ರಿ, ಮುಂದಿನ ವಾರ ಮತ್ತ ನೋಡ್ತೀನಿ” ಎಂದು ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದರು. ಅಂದಿನ ರಿಜಿಸ್ಟರಿನಲ್ಲಿ ನಾನು ‘1’ ಎಂದು ಬರೆದೆ.